ಹಸಿರು ನೀರಿನ ನಾಲ್ಕು ಜಾಡಿಗಳು

ಎಪ್ಪತ್ತರ ದಶಕ ಮುಗಿಯುತ್ತ ಬಂದ ದಿನಗಳು. ನಾನು ರಾಯಚೂರಿನ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಡೆಮಾನ್‌ಸ್ಟ್ರೇಟರ್ ಆಗಿದ್ದೆ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಕೋಟೆ ಗೋಡೆಗೆ ಹತ್ತಿಕೊಂಡಂತಿದ್ದ ಓಣಿಯೊಂದರಲ್ಲಿ ಬಾಡಿಗೆ ಮನೆ. ಮನೆಯಲ್ಲಿ ನಾನು, ನನ್ನ ಅಕ್ಕ, ಇಬ್ಬರೇ.

ಅಕ್ಕ ನನಗಿಂತ ಹನ್ನೊಂದು ವರ್ಷಕ್ಕೆ ದೊಡ್ಡವಳು. ದೇವದುರ್ಗದ ಹತ್ತಿರದ ಹಳ್ಳಿಯೊಂದರಲ್ಲಿ ಕುರಿ ಸಾಕುವ ಮನೆತನ ನಮ್ಮದು. ಅವ್ವ ತೀರಿಕೊಂಡಾಗ ನಾನಿನ್ನೂ ಅಂಗಿಯ ಗುಂಡಿ ಹಾಕಿಕೊಳ್ಳಲು ಕಲಿತಿರಲಿಲ್ಲ. ಎತ್ತಿ ಬೆಳೆಸಿದವಳು ಅಕ್ಕ. ಮದುವೆಯಾದ ಎರಡೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದಳು. ಆಮೇಲೆ ಅಪ್ಪನ ಜೊತೆ ಹಿಂಡಿನ ಹಿಂದೆ ತಿರುಗಿ ನನ್ನನ್ನು ಓದಿಸಿದಳು. ಅಪ್ಪ ಹೋದ ಮೇಲೆ ಕುರಿಗಳನ್ನು ದೊಡ್ಡಪ್ಪನ ಮಕ್ಕಳ ಹಿಂಡಿಗೆ ಸೇರಿಸಿ, ನನಗೆ ಹೊತ್ತಿಗೆ ಸರಿಯಾಗಿ ರೊಟ್ಟಿ ಸಿಗಲಿ ಎಂದು ರಾಯಚೂರಿಗೆ ಬಂದಿದ್ದಳು. ಇದೆಲ್ಲ ಗೊತ್ತಿದ್ದೂ ನಾನು ನಡೆದುಕೊಂಡ ರೀತಿಯನ್ನು ಹೇಳಲು ಹೊರಟಿದ್ದೇನೆ.

ನಮ್ಮ ವಿಭಾಗದ ಮುಖ್ಯಸ್ಥರು ಐವತ್ತು ದಾಟಿದ, ತೆಳ್ಳನೆಯ, ಮಾತು ಕಡಿಮೆಯ ಮನುಷ್ಯ. ನಾನು ಅವರನ್ನು ಸರ್ ಎನ್ನುತ್ತಿದ್ದೆ, ಇಲ್ಲೂ ಹಾಗೇ ಕರೆಯುತ್ತೇನೆ. ನಿಜಾಮರ ಕಾಲದಲ್ಲಿ ಉರ್ದುವಿನಲ್ಲಿ ಓದಿದವರು. ಸೀಸೆಗಳಿಗೆ ಅಂಟಿಸುವ ಚೀಟಿಗಳನ್ನು ಕೊನೆಯವರೆಗೂ ಉರ್ದುವಿನಲ್ಲೇ ಬರೆದರು. ಅವರು ಊರ ಕೆರೆಯ ನೀರಿನಿಂದ ಒಂದು ಜಾತಿಯ ಪಾಚಿಯನ್ನು ಬೇರೆ ಮಾಡಿದ್ದರು. ಸಸ್ಯಪ್ಲವಕ ಎಂದು ಪುಸ್ತಕದಲ್ಲಿ ಬರೆಯುತ್ತಾರಲ್ಲ, ಅದು. ಒಂದೊಂದೂ ಸೂಕ್ಷ್ಮದರ್ಶಕದಲ್ಲಿ ಮಾತ್ರ ಕಾಣುವ ಹಸಿರು ಚುಕ್ಕೆ. ಕೋಟಿಗಟ್ಟಲೆ ಸೇರಿದಾಗ ನೀರೆಲ್ಲ ಎಳೆ ಗೋಧಿ ಪೈರಿನ ಬಣ್ಣಕ್ಕೆ ತಿರುಗುತ್ತದೆ. ಬೇರೆ ಜಾತಿಗಳಿಂದ ಅದನ್ನು ಬಿಡಿಸಿ, ರಾಯಚೂರಿನ ಬೇಸಿಗೆಯನ್ನು ತಡೆದುಕೊಳ್ಳುವಂತೆ ಮಾಡಲು ಅವರಿಗೆ ನಾಲ್ಕು ವರ್ಷ ಹಿಡಿದಿತ್ತು. ಮಾನ್ವಿಯ ಕಡೆ ಕೆಲವರು ಹೊಂಡ ತೋಡಿ ಮೀನುಮರಿ ಸಾಕಲು ತಯಾರಾಗಿದ್ದರು. ಮೊಟ್ಟೆಯೊಡೆದು ಬಂದ ಮರಿಯ ಬಾಯಿ ಸಾಸಿವೆ ಕಾಳಿಗಿಂತ ಸಣ್ಣದು. ಅದು ತಿನ್ನುವುದು ಕಣ್ಣಿಗೆ ಕಾಣದಂಥ ನೀರುಹುಳಗಳನ್ನು. ಆ ಹುಳಗಳಿಗೆ ಈ ಹಸಿರೇ ಮೇವು. ಮಳೆಗಾಲದ ಹೊತ್ತಿಗೆ ಹಸಿರು ನೀರು ಕೊಡುತ್ತೇನೆಂದು ಸರ್ ಅವರಿಗೆ ಮಾತು ಕೊಟ್ಟಿದ್ದರು.

ಬೇಸಿಗೆ ರಜೆಯಲ್ಲಿ ಕಾಲೇಜಿನ ಮೇನ್ ಸ್ವಿಚ್ಚು ಇಳಿಸಿಬಿಡುತ್ತಿದ್ದರು. ಹಾಗಾಗಿ ಸರ್ ಎರಡು ಜಾಡಿಗಳನ್ನು ತಮ್ಮ ಮನೆಯಲ್ಲಿಟ್ಟುಕೊಂಡು, ನಾಲ್ಕನ್ನು ನನಗೆ ಒಪ್ಪಿಸಿದರು. ಅಂಗಡಿಯಲ್ಲಿ ಬಿಸ್ಕತ್ತು ತುಂಬಿಡುವಂಥ ಅಗಲ ಬಾಯಿಯ ಗಾಜಿನ ಜಾಡಿಗಳು. ಜೊತೆಗೆ ಹೈದರಾಬಾದಿನಿಂದ ತರಿಸಿದ, ಮೀನಿನ ತೊಟ್ಟಿಗೆ ಗಾಳಿ ಬಿಡುವ ಪುಟ್ಟ ಪಂಪು. ಒಂದು ರಬ್ಬರ್ ನಳಿಗೆಯನ್ನು ನಾಲ್ಕಾಗಿ ಕವಲೊಡೆಸಿ, ಒಂದೊಂದು ಕವಲನ್ನು ಒಂದೊಂದು ಜಾಡಿಯ ತಳಕ್ಕೆ ಇಳಿಬಿಟ್ಟರು. ತಳದಿಂದ ಗುಳ್ಳೆಗಳು ಸಾಲಾಗಿ ಎದ್ದವು.

"ನೋಡಪಾ, ಇದು ನಿಂತ್ರ ಮುಗೀತು," ಎಂದರು ಸರ್. "ನೀರು ನಿಂತ್ರ ಹಸಿರು ತಳಕ್ಕ ಕೂಡ್ತದ. ತಳದಾಗ ಬೆಳಕಿಲ್ಲ, ಒಂದರ ಮ್ಯಾಲ ಒಂದು ಬಿದ್ದು ಕೊಳೀತಾವ. ಕೊಳತದ್ದು ಮ್ಯಾಲಿಂದನ್ನೂ ಕೊಲ್ತದ. ಊಟ ಎರಡು ದಿನ ತಡಾ ಆದ್ರ ಇವು ತಡಕೋತಾವ. ತಿರುಗೂದು ಮಾತ್ರ ನಿಲ್ಲಬಾರ್ದು."

ಪಡಸಾಲೆಯ ಪಕ್ಕದ ಸಣ್ಣ ಕೋಣೆಗೆ ಉತ್ತರಕ್ಕೆ ಒಂದು ಕಿಟಕಿಯಿತ್ತು. ಅಲ್ಲಿಂದ ಒಳಗೋಡೆಯ ತನಕ ಉದ್ದನೆಯ ಬೆಂಚು ಹಾಕಿ ಜಾಡಿಗಳನ್ನು ಸಾಲಾಗಿ ಇಟ್ಟೆ. ಬಾಯಿಗೆ ತೆಳು ಬಿಳಿ ಬಟ್ಟೆ ಹೊದಿಸಿದೆ. ಮುಂಜಾನೆ ಕೈಗಳನ್ನು ಬಿಸಿನೀರಲ್ಲಿ ತೊಳೆದು, ಯೂರಿಯಾ ಮತ್ತು ಸೂಪರ್ ಫಾಸ್ಫೇಟ್ ಕರಗಿಸಿದ ನೀರನ್ನು ಹನಿ ಲೆಕ್ಕದಲ್ಲಿ ಬಿಡುವುದು, ಗುಳ್ಳೆ ಬರುತ್ತಿವೆಯೋ ಇಲ್ಲವೋ ನೋಡುವುದು, ಬೆಳಕು ಎಲ್ಲ ಕಡೆ ಬೀಳುವಂತೆ ಜಾಡಿಗಳನ್ನು ಒಂದಿಷ್ಟು ತಿರುಗಿಸಿಡುವುದು. ಅಷ್ಟೇ ಕೆಲಸ.

ಮೊದಲ ದಿನವೇ ಅಕ್ಕ ಬಾಗಿಲಲ್ಲಿ ನಿಂತು ನೋಡಿದಳು. ಕಣ್ಣಲ್ಲಿ ಅಂಥ ಖುಷಿ.

"ಎಷ್ಟು ಚೆಂದ ಅದಲೋ ತಮ್ಮಾ, ಈ ಹಾವಸಿ ನೀರು. ಜೀವ ಅದ ಏನು ಇದಕ್ಕ?"

"ಅದ. ನೀ ಮಾತ್ರ ಮುಟ್ಟಬ್ಯಾಡ."

"ನಾ ಯಾಕ ಮುಟ್ಲಿ."

"ಖರೇನ ಹೇಳಾಕತ್ತೀನಿ. ಸಗಣಿ, ಸೋಡಾ, ಬೂದಿ, ಏನೇನೋ ಹಿಡದಿರತಿ. ನಿನ್ನ ಕೈ ಹತ್ತಿದ್ರ ಇವು ಸಾಯ್ತಾವ."

ಆಕೆ ತನ್ನ ಎರಡೂ ಕೈ ನೋಡಿಕೊಂಡು, ಸೆರಗಿನಲ್ಲಿ ಒರೆಸಿಕೊಂಡು ಒಳಗೆ ಹೋದಳು. ನಾನು ಹೇಳಿದ್ದರಲ್ಲಿ ಶಾಸ್ತ್ರದ ಪ್ರಕಾರ ತಪ್ಪಿರಲಿಲ್ಲ. ಆದರೆ ಆ ಧ್ವನಿ ಶಾಸ್ತ್ರದ್ದಾಗಿರಲಿಲ್ಲ. ಕಾಲೇಜಿನಲ್ಲಿ ನನ್ನ ಸಹೋದ್ಯೋಗಿಗಳ ಮನೆಗಳಲ್ಲಿ ಓದಿದ ಹೆಂಗಸರು ಕಪ್ಪುಬಸಿಯಲ್ಲಿ ಚಹಾ ತಂದುಕೊಡುತ್ತಿದ್ದರು. ನನ್ನ ಮನೆಗೆ ಯಾರಾದರೂ ಬಂದರೆ ಅಕ್ಕ ಚರಗಿಯಲ್ಲಿ ನೀರು ತಂದಿಟ್ಟು, ನೆಲದ ಮೇಲೆ ಕೂತು, "ಎಷ್ಟು ಮಂದಿ ಮಕ್ಕಳ್ರಿ ನಿಮಗ?" ಎಂದು ಕೇಳುತ್ತಿದ್ದಳು. ನನಗೆ ಮೈ ಹಿಡಿಯಾದಂತಾಗುತ್ತಿತ್ತು.

ಯುಗಾದಿ ಕಳೆದ ಮೇಲೆ ಕರೆಂಟಿನ ಕಾಟ ಶುರುವಾಯಿತು. ಮುಂಜಾನೆ ಹತ್ತಕ್ಕೆ ಹೋದರೆ ಎರಡಕ್ಕೆ ಬರುವುದು, ಮತ್ತೆ ಮೂರಕ್ಕೆ ಹೋಗುವುದು. ಪಂಪು ನಿಂತೊಡನೆ ಗುಳ್ಳೆ ನಿಲ್ಲುತ್ತಿತ್ತು. ಮೊದಮೊದಲು ಸೈಕಲ್ ಪಂಪನ್ನು ನಳಿಗೆಗೆ ಸಿಕ್ಕಿಸಿ ಗಾಳಿ ಹೊಡೆದೆ. ತೋಳು ಬಿದ್ದುಹೋಗುತ್ತಿತ್ತು. ಆಮೇಲೆ ಗಾಜಿನ ಕಡ್ಡಿ ಹಾಕಿ ತಿರುವತೊಡಗಿದೆ. ಒಂದು ಸುತ್ತು ಮುಗಿಸಿ ನಾಲ್ಕನೆಯ ಜಾಡಿಗೆ ಬರುವಷ್ಟರಲ್ಲಿ ಮೊದಲನೆಯದರ ತಳದಲ್ಲಿ ಹಸಿರು ಬೆಣ್ಣೆ ಸವರಿದಂತೆ ಕೂತಿರುತ್ತಿತ್ತು.

ಒಂದು ಮಧ್ಯಾಹ್ನ ಅಕ್ಕ ಬಾಗಿಲಾಚೆಯಿಂದಲೇ ಹೇಳಿದಳು. "ಹಂಗ ಸುತ್ತ ಸುತ್ತ ತಿರುವಬ್ಯಾಡೋ. ಸುತ್ತ ತಿರುವಿದ್ರ ತಳದ್ದು ತಳದಾಗ ಉಳೀತದ. ಅಂಬಲಿ ತಳ ಹತ್ತಬಾರ್ದಂದ್ರ ಕೆಳಗಿಂದ ಮ್ಯಾಲ ಎತ್ತಿ ಎತ್ತಿ ಬಿಡಬೇಕು, ಹಂಗ ಮಾಡು. ಕಡ್ಡಿ ಬಿಟ್ಟು ಚಪ್ಪಟಿ ಹುಟ್ಟು ತಗೋ."

"ಇದು ಅಂಬಲಿ ಅಲ್ಲ," ಎಂದು ಗದರಿದೆ.

ಆಕೆ ನೀರು ತರಲು ಕೊಡ ಹಿಡಿದು ನಲ್ಲಿಗೆ ಹೋದಾಗ, ಅಡಿಗೆಮನೆಯಿಂದ ಕಟ್ಟಿಗೆಯ ಹುಟ್ಟೊಂದನ್ನು ತಂದು, ಕುದಿಯುವ ನೀರಲ್ಲಿ ಅದ್ದಿ, ಅವಳು ಹೇಳಿದ ಹಾಗೇ ತಳದಿಂದ ಮೇಲಕ್ಕೆ ಎತ್ತಿ ಬಿಟ್ಟೆ. ತಳದ ಹಸಿರು ಹೊಗೆಯಂತೆ ಎದ್ದು ನೀರಿಗೆಲ್ಲ ಹರಡಿತು. ಮರುವಾರ ಸರ್ ನೋಡಲು ಬಂದಾಗ, "ಸುತ್ತ ತಿರುವೂದಕ್ಕಿಂತ ಕೆಳಗಿಂದ ಎತ್ತೂದು ಛಲೋ ಸರ್, ನಾ ಮಾಡಿ ನೋಡೀನಿ," ಎಂದೆ. "ಶಾಬಾಸ್," ಎಂದರು. ಅಕ್ಕ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವ ಸದ್ದು ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು.

ಅದೇ ದಿನ ಸರ್ ಇನ್ನೊಂದು ಮಾತು ಹೇಳಿದರು. ಅವರ ಮನೆಯ ಎರಡೂ ಜಾಡಿಗಳಿಗೆ ಹುಳ ಬಿದ್ದು ಹಸಿರನ್ನೆಲ್ಲ ಮೇದುಬಿಟ್ಟಿದ್ದವಂತೆ. "ಈಗ ನಿನ್ನ ಹತ್ರ ಇದ್ದದ್ದಷ್ಟೇ ಉಳದದ್ದು. ಎಲ್ಲೂ ಹೋಗಬ್ಯಾಡ, ಜರಾ ಜ್ವಾಕಿ."

"ಇಲ್ಲ ಸರ್, ಎಲ್ಲಿ ಹೋಗ್ಲಿ," ಎಂದೆ.

ಹತ್ತು ದಿನ ಕಳೆದಿರಲಿಲ್ಲ, ಮಾನ್ವಿಯಿಂದ ನನ್ನ ಹಳೆಯ ಗೆಳೆಯರು ಬಂದರು. ಅಲ್ಲಿ ವಾಲಿಬಾಲ್ ಪಂದ್ಯಾವಳಿ. ಕಾಲೇಜು ದಿನಗಳಲ್ಲಿ ನಾನು ಒಳ್ಳೆಯ ಆಟಗಾರನಾಗಿದ್ದೆ. ನೆಟ್ಟಿನ ಮೇಲೆ ಜಿಗಿದು ಹೊಡೆದರೆ ಜನ ಸೀಟಿ ಹಾಕುತ್ತಿದ್ದರು. ಒಂದು ತಿಂಗಳಿಂದ ಕಿಟಕಿಯ ಬಳಿ ಕೂತು ನೀರು ತಿರುವಿ ನನಗೂ ಸಾಕಾಗಿತ್ತು. ಒಂದೇ ದಿನ ಎಂದು ಒಪ್ಪಿಕೊಂಡೆ. ಅಕ್ಕನಿಗೆ, ಕಾಲೇಜಿನ ಕೆಲಸದ ಮೇಲೆ ಹೋಗುತ್ತಿದ್ದೇನೆ ಎಂದೆ.

"ಕರೆಂಟ್ ಹೋದ್ರ ಇವನ್ನ ಏನ್ ಮಾಡ್ಲಿ?"

"ಏನೂ ಮಾಡಬ್ಯಾಡ. ಹೋಗೂದಿಲ್ಲ."

ಪಂಪು ಹಚ್ಚಿ, ಬೆಳಕಿಗಾಗಿ ಕಿಟಕಿಯ ಬಾಗಿಲು ತೆರೆದಿಟ್ಟು, ಕೋಣೆಗೆ ಕೀಲಿ ಹಾಕಿದೆ. ಕೀಲಿಕೈಯನ್ನು ಜೇಬಿಗೆ ಹಾಕಿಕೊಂಡೆ. ಅಕ್ಕ ಅದನ್ನು ನೋಡುತ್ತ ನಿಂತಿದ್ದಳು. ಬಸ್ಸಿಗೆ ತಡವಾಗುತ್ತದೆಂದು ಓಡಿದೆ.

ಮಾನ್ವಿಯಲ್ಲಿ ಮೊದಲ ದಿನ ಕುರ್ಡಿಯ ತಂಡವನ್ನು ಸೋಲಿಸಿದೆವು. ಗೆದ್ದ ತಂಡ ಮರುದಿನವೂ ಆಡಬೇಕು. ಮರುದಿನವೂ ಗೆದ್ದೆವು. ಮೂರನೆಯ ದಿನ ಮುಂಜಾನೆ ಮಲ್ಲಟದ ಹುಡುಗರ ಕೈಯಲ್ಲಿ ಸೋತೆವು. ಆ ಎರಡು ದಿನ ಜಾಡಿಗಳ ನೆನಪೇ ಬರಲಿಲ್ಲವೆಂದರೆ ಸುಳ್ಳಾಗುತ್ತದೆ. ಊಟಕ್ಕೆ ಕೂತ ಖಾನಾವಳಿಯ ಫ್ಯಾನು ನಿಂತಾಗಲೆಲ್ಲ ತುತ್ತು ಕೈಯಲ್ಲೇ ಹಿಡಿದು, ಮತ್ತೆ ತಿರುಗುತ್ತದೇನೋ ಎಂದು ಮೇಲೆ ನೋಡುತ್ತಿದ್ದೆ. ಇಲ್ಲಿ ಹೋದರೆ ಅಲ್ಲಿಯೂ ಹೋಗಿರಬೇಕೆಂದೇನಿಲ್ಲ ಎಂದು ಸಮಾಧಾನ ಮಾಡಿಕೊಂಡು ಮತ್ತೆ ಮೈದಾನಕ್ಕೆ ಇಳಿಯುತ್ತಿದ್ದೆ.

ಮಧ್ಯಾಹ್ನ ಮನೆಗೆ ಬಂದು ಕೀಲಿ ತೆಗೆದಾಗ ಮೊದಲು ಮೂಗಿಗೆ ಬಡಿದದ್ದು ವಾಸನೆ. ಹಳ್ಳದಲ್ಲಿ ಬಿದ್ದ ದನ ಕೊಳೆತಾಗ ಬರುವಂಥದು. ಒಳಗೋಡೆಯ ಕಡೆಯ ಮೂರು ಜಾಡಿಗಳಲ್ಲಿ ಮೇಲಿನ ನೀರು ತಿಳಿಯಾಗಿ, ತಳದಲ್ಲಿ ಬೂದು ಬಣ್ಣದ ರಾಡಿ ನಿಂತಿತ್ತು. ಪಂಪು ಸುಮ್ಮನಿತ್ತು. ಕಿಟಕಿಗೆ ಹತ್ತಿರದ ನಾಲ್ಕನೆಯ ಜಾಡಿ ಮಾತ್ರ ಹಸಿರಾಗಿತ್ತು. ಅದರ ಬಾಯಿಗೆ ಹೊದಿಸಿದ್ದ ಬಟ್ಟೆ ಒಂದು ಮಗ್ಗುಲಿಗೆ ಸರಿದಿತ್ತು.

ಅಕ್ಕ ಹಿಂದೆ ಬಂದು ನಿಂತಳು.

"ನೀ ಹೋದ ದಿನಾನ ಕರೆಂಟ್ ಹೋತು. ಜರಾ ಹೊತ್ತು ಬಂದು, ಮತ್ತ ಹೋತು. ಇನ್ನೂ ಬಂದಿಲ್ಲ. ಹಿತ್ತಲ ಕಡಿಂದ ಬಂದು, ಬಟ್ಟಿ ಒಣ ಹಾಕೂ ಗಳ ಕಿಟಕ್ಯಾಗಿಂದ ತೂರಿಸಿ ತಿರುವಿದ್ನಿ. ಇದೊಂದಕ್ಕ ಮುಟ್ಟಿತು. ಅತ್ಲಾಗಿನವಕ್ಕ ಗಳ ಅಡ್ಡ ಬಿದ್ದು ಬಾಯಾಗ ಇಳೀಲಿಲ್ಲ."

ಕಿಟಕಿಯ ಸರಳುಗಳ ಆಚೆ ಬಿದಿರಿನ ಗಳ ಗೋಡೆಗೆ ಒರಗಿಸಿಟ್ಟದ್ದು ಕಂಡಿತು. ಅದರ ತುದಿಗೆ ಅಡಿಗೆಮನೆಯ ಅದೇ ಹುಟ್ಟನ್ನು ಬಿಗಿದು ಕಟ್ಟಿದ್ದಳು. ನಾನು ಮಾಡುವುದನ್ನು ನೋಡಿ ಕಲಿತಿದ್ದಳೆಂದು ಕಾಣುತ್ತದೆ, ಹುಟ್ಟನ್ನು ಪ್ರತಿ ಸಲವೂ ಕುದಿಯುವ ನೀರಲ್ಲಿ ಅದ್ದಿದ್ದಳಂತೆ. ಆ ಹಿತ್ತಲಿಗೆ ನೆರಳಿರಲಿಲ್ಲ. ಎರಡೂವರೆ ದಿನ, ರಾಯಚೂರಿನ ಆ ಬಿಸಿಲಲ್ಲಿ, ಅಡಿಗೆಯ ನಡುನಡುವೆ ಬಂದು ನಿಂತು, ಸರಳುಗಳ ಮಧ್ಯೆ ತೋಳು ತೂರಿಸಿ ತಿರುವಿದ್ದಳು. ಬಲಗೈ ಮೊಣಕೈಯಿಂದ ಮೇಲಕ್ಕೆ ಚರ್ಮ ಕಿತ್ತು ಕೆಂಪಾಗಿತ್ತು.

ನನ್ನ ಬಾಯಿಂದ ಬಂದ ಮಾತು ಹೇಳಲು ಈಗಲೂ ನಾಲಿಗೆ ಏಳುವುದಿಲ್ಲ.

"ಆ ಹೊಲಸು ಗಳ ಹಾಕಿದ್ಯಾ ಇದರಾಗ?"

ಆಕೆ ತಿರುಗಿ ಹೋಗಿ ನನಗೆ ಊಟಕ್ಕೆ ಗಂಗಾಳ ಇಟ್ಟಳು.

ಸಂಜೆ ಸರ್ ಮನೆಗೆ ಹೋದೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಯೋಚಿಸುತ್ತಿದ್ದೆ. ನಿಜ ಹೇಳಬೇಕೆಂದು ಒಂದು ಸಲವಾದರೂ ಅನ್ನಿಸಿತ್ತೇ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಇಲ್ಲವೆಂದೇ ಕಾಣುತ್ತದೆ. ನನ್ನ ಕಾಯಂ ಕೆಲಸದ ಕಾಗದ ಸರ್ ಕೈಯಲ್ಲಿತ್ತು. ತೀನ್ ಕಂದೀಲ್ ಚೌಕದ ಹತ್ತಿರ ಬರುವಷ್ಟರಲ್ಲಿ ನನ್ನ ಸುಳ್ಳು ತಯಾರಾಗಿತ್ತು.

"ಮೂರು ಜಾಡಿ ಹೋದವು ಸರ್. ನಾ ಸ್ನಾನಕ್ಕ ಹೋದಾಗ ನಮ್ಮ ಅಕ್ಕ ಗೊತ್ತಿಲ್ದ ಬಟ್ಟಿ ಸೋಡಾದ ನೀರು ಅದರಾಗ ಹಾಕಿಬಿಟ್ಟಾಳ. ತೊಳೀಬೇಕಂತ ಮಾಡಿದ್ಲಂತ. ಆಕಿಗೆ ಓದು ಬರಾಂಗಿಲ್ಲ ಸರ್. ಒಂದ ಒಂದು ಉಳಿದದ. ಕರೆಂಟೂ ಇದ್ದಿಲ್ಲ, ಮೂರು ದಿನ ಕೈಲೇ ತಿರುವಿ ಉಳಿಸೀನಿ."

ಸರ್ ಕನ್ನಡಕ ತೆಗೆದು ಒರೆಸಿಕೊಂಡರು. ಬೇರೇನೂ ಕೇಳಲಿಲ್ಲ. "ಒಂದು ಉಳಿದದಲ್ಲ. ನಾಳಿ ಬರ್ತೀನಿ," ಎಂದರು.

ಮರುದಿನ ಬೆಳಿಗ್ಗೆ ಬಂದರು. ನಾನು ಸತ್ತ ಜಾಡಿಗಳನ್ನು ಇನ್ನೂ ಚೆಲ್ಲಿರಲಿಲ್ಲ. ಸರ್ ಒಂದೊಂದರ ಮುಂದೆಯೂ ಬಾಗಿ ಮೂಸಿ ನೋಡಿದರು. ಕಿಟಕಿಯ ಹತ್ತಿರ ಹೋಗಿ ಹೊರಗೆ ನೋಡಿದರು. ಉಳಿದ ಜಾಡಿಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನಿಂತರು. ಆಮೇಲೆ ಪಡಸಾಲೆಗೆ ಬಂದಾಗ ಅಕ್ಕ ಚರಗಿಯಲ್ಲಿ ನೀರು ತಂದಿಟ್ಟಳು. ಬಲತೋಳಿನ ಮೇಲೆ ಸೆರಗು ಎಳೆದುಕೊಂಡಿದ್ದಳು.

ಸರ್ ಅವಳತ್ತ ನೋಡಿ, ಮೆತ್ತಗೆ ಹೇಳಿದರು. "ತಾಯಿ, ನೀವು ತಿಳೀಲಾರದ ಮಾಡೀರಿ, ನಾ ಏನೂ ಅನ್ನೂದಿಲ್ಲ. ಆದ್ರ ಇನ್ನ ಮ್ಯಾಲ ಈ ಜಾಡ್ಯಾಗ ಸೋಡಾ ಗೀಡಾ ಹಾಕಬ್ಯಾಡ್ರಿ. ನಾಲ್ಕು ವರ್ಷದ ಮೆಹನತ್ತು ಅದು."

ಅಕ್ಕನಿಗೆ ಒಂದು ಕ್ಷಣ ತಿಳಿಯಲಿಲ್ಲ. ಆಮೇಲೆ ನನ್ನ ಕಡೆ ನೋಡಿದಳು. ನಾನು ನೆಲ ನೋಡುತ್ತಿದ್ದೆ. ಕಣ್ಣೆತ್ತಿದರೆ ಅವಳ ಮುಖ ಕಾಣುತ್ತದೆ ಎಂದು ಹಾಸುಬಂಡೆಯ ಗೆರೆಗಳನ್ನು ನೋಡುತ್ತ ಕೂತೆ. ಎಷ್ಟು ಹೊತ್ತೋ. ಹೊರಗೆ ಕಾಯಿಪಲ್ಯದವಳು ತೆಲುಗಿನಲ್ಲಿ ಕೂಗುತ್ತ ಹೋದಳು.

"ತಪ್ಪಾತ್ರಿ ಯಪ್ಪಾ," ಎಂದಳು ಅಕ್ಕ. "ಇನ್ನೊಮ್ಮಿ ಮುಟ್ಟಂಗಿಲ್ಲ."

ಸರ್ ಜಾಡಿಯನ್ನು ಒದ್ದೆ ಗೋಣಿತಾಟಿನಲ್ಲಿ ಸುತ್ತಿಕೊಂಡು ರಿಕ್ಷಾದಲ್ಲಿ ಹೋದರು. ಅಕ್ಕ ಸತ್ತ ಮೂರು ಜಾಡಿಗಳ ನೀರನ್ನು ಹಿತ್ತಲಿಗೆ ಒಯ್ದು ಚೆಲ್ಲಿ, ತೊಳೆದು, ಬೋರಲು ಹಾಕಿದಳು. ನನ್ನ ಜೊತೆ ಜಗಳ ಮಾಡಲಿಲ್ಲ. ಒಂದು ಮಾತು ಬೈದಿದ್ದರೆ ನಾನೂ ಎರಡು ಮಾತು ಕೂಗಾಡಿ, ಕೊನೆಗೆ ಅತ್ತಾದರೂ ಬಿಡುತ್ತಿದ್ದೆನೇನೋ. ಹದಿನೈದು ದಿನ ಎಂದಿನಂತೆ ರೊಟ್ಟಿ, ಪುಂಡಿಪಲ್ಯ ಮಾಡಿ ಹಾಕಿದಳು. ಮೊದಲ ಮಳೆ ಬಿದ್ದ ಮರುದಿನ, "ಊರಾಗ ಕುರಿ ಈದಾವಂತ, ಮಂದಿ ಇಲ್ಲ, ನಾ ಹೋಗ್ತೀನಿ," ಎಂದು ಗಂಟು ಕಟ್ಟಿದಳು. ನಾನು ತಡೆಯಲಿಲ್ಲ. ಒಳಗೊಳಗೆ ಹಗುರಾಯಿತು ಎಂಬುದನ್ನೂ ಬರೆಯಬೇಕು.

ಆ ಒಂದು ಜಾಡಿಯಿಂದ ಸರ್ ಹತ್ತು ಜಾಡಿ ಮಾಡಿದರು, ಹತ್ತರಿಂದ ತೊಟ್ಟಿ ಮಾಡಿದರು. ಮಳೆಗಾಲದಲ್ಲಿ ಡಬ್ಬಿಗಳಲ್ಲಿ ತುಂಬಿಸಿ ಮಾನ್ವಿಗೆ ಒಯ್ದೆವು. ಹೊಂಡಗಳಲ್ಲಿ ಮರಿಗಳು ಉಳಿದವು. ಅಲ್ಲಿ ಒಂದು ಸಣ್ಣ ಸಭೆ ಮಾಡಿ ಸರ್‌ಗೆ ಶಾಲು ಹೊದಿಸಿದಾಗ ಅವರು ನನ್ನನ್ನು ಪಕ್ಕಕ್ಕೆ ಕರೆದು ನಿಲ್ಲಿಸಿಕೊಂಡರು. "ಇದು ಉಳಿದದ್ದು ಈತನಿಂದ. ಕರೆಂಟಿಲ್ಲದ ಮೂರು ದಿನ ಕೈಯಿಂದ ತಿರುವಿ ಉಳಿಸಿದಾನೆ," ಎಂದರು. ಜನ ಚಪ್ಪಾಳೆ ತಟ್ಟಿದರು. ನಾನು ಕೈ ಮುಗಿದೆ.

ಮುಂದಿನ ವರ್ಷ ಕೆಲಸ ಕಾಯಂ ಆಯಿತು. ಮದುವೆಯಾಯಿತು. ಅಕ್ಕ ಮದುವೆಗೆ ಬಂದಳು. ಗಂಡನಿಲ್ಲದವಳಾದರೂ ಸಾಕಿದವಳೆಂದು ಯಾರೂ ತಡೆಯಲಿಲ್ಲ, ಅರಿಷಿಣ ಹಚ್ಚಿದಳು, ಸೋಬಾನೆ ಹಾಡಿದಳು. ಆದರೆ ನಮ್ಮ ಮನೆಯಲ್ಲಿ ಇದ್ದಷ್ಟು ದಿನ ಯಾವ ವಸ್ತುವನ್ನೂ ಕೇಳದೆ ಮುಟ್ಟಲಿಲ್ಲ. "ಈ ತಂಬಿಗಿ ತಗೊಳ್ಳೇನವಾ?" ಎಂದು ನನ್ನ ಹೆಂಡತಿಯನ್ನು ಕೇಳಿ ತೆಗೆದುಕೊಳ್ಳುತ್ತಿದ್ದಳು. ಹೆಂಡತಿಗೆ ಅದು ಸಂಕೋಚದ ಸ್ವಭಾವವೆಂದು ಕಂಡಿತು. ನಾನು ತಿದ್ದಲಿಲ್ಲ.

ಸರ್ ನಿವೃತ್ತರಾಗಿ ಯರಗೇರಾ ಕಡೆ ಇದ್ದ ತಮ್ಮ ಹೊಲದ ಮನೆಗೆ ಹೋದರು. ಎರಡು ಸಲ ನಿಜ ಹೇಳಿಬರಬೇಕೆಂದು ಹೋಗಿ, ಚಹಾ ಕುಡಿದು ವಾಪಸು ಬಂದಿದ್ದೆ. ಮೂರನೆಯ ಸಲ ಹೋದದ್ದು ಎಂಬತ್ತರ ದಶಕದ ನಡುವಿನಲ್ಲಿ. ಅವರಿಗೆ ಆಗ ಪಾರ್ಶ್ವವಾಯು ಬಡಿದು ಎಡಗೈ ಬಿದ್ದುಹೋಗಿತ್ತು. ಬೇವಿನ ಮರದ ಕೆಳಗೆ ಹೊರಸಿನ ಮೇಲೆ ಕೂತಿದ್ದರು. ಕಾಲೇಜಿನ ಸುದ್ದಿ, ಹವೆಯ ಸುದ್ದಿ ಎಲ್ಲ ಮುಗಿದ ಮೇಲೆ ಒಂದೇ ಉಸಿರಿಗೆ ಹೇಳಿಬಿಟ್ಟೆ. ಮಾನ್ವಿಗೆ ಹೋದದ್ದು, ಕೀಲಿ, ಗಳ, ಸೋಡಾ, ಎಲ್ಲ.

ಸರ್ ಹೊರಸಿನ ಮೇಲೆ ಬಿದ್ದಿದ್ದ ಬೇವಿನ ಎಲೆಗಳನ್ನು ಕೊಡವಿದರು.

"ಗೊತ್ತಿತ್ತಪಾ," ಎಂದರು.

ನಾನು ತಲೆ ಎತ್ತಿ ಅವರನ್ನು ನೋಡಿದೆ.

"ಸೋಡಾ ಬಿದ್ದಿದ್ರ ಹಸಿರು ಬಿಳುಪಾಗಿ ಹೋಗ್ತಿತ್ತು, ಹಂಗ ನಾರತಿದ್ದಿಲ್ಲ. ಅದು ನಿಂತು ಕೊಳತ ನೀರಿನ ವಾಸನಿ. ಕಿಟಕಿ ಹೊರಗ ಗಳ ಇತ್ತು, ತುದಿಗೆ ಹುಟ್ಟು ಕಟ್ಟಿತ್ತು. ಮನಿ ಒಳಗಿದ್ದಾಂವ ಯಾಕ ಹೊರಗಿಂದ ತಿರುವ್ತಾನ? ನಾ ಏನು ಕುರುಡನೇ?"

"ಹಂಗಾರ ಯಾಕ ಸರ್..."

"ನೀನ ಹೇಳ್ತಿ ಅಂತ ಕಾದೆ. ಅಕ್ಕನ ಮುಂದ ಸೋಡಾದ ಮಾತು ತೆಗದದ್ದೂ ಅದಕ್ಕ. ಇಬ್ಬರಾಗ ಒಬ್ಬರು ಬಾಯಿ ಬಿಡ್ತೀರಿ ಅಂತ. ಆ ತಾಯಿ ತಪ್ಪಾತು ಅಂದುಬಿಟ್ರು. ಆಗ ನಾ ಇಲ್ಲ ಅನ್ನಬೇಕಿತ್ತು. ಅನ್ನಲಿಲ್ಲ." ಬಲಗೈಯಿಂದ ಎಡಗೈಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡರು. "ಜಾಡಿ ಸಿಕ್ಕಿತ್ತು ನನಗ. ಮುಂದಿನ ಕೆಲಸಕ್ಕ ನೀ ಬೇಕಾಗಿದ್ದಿ. ಮಾನ್ವ್ಯಾಗ ಸಭಾದಾಗ ನಿನ್ನ ಹೆಸರು ಹೇಳಿದಾಗೂ ನೋಡ್ದೆ, ಈಗರೆ ಹೇಳ್ತಾನೇನು ಅಂತ. ನೀ ಕೈ ಮುಗದಿ."

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಕೂತೆವು. ಹೊರಡುವಾಗ, "ಅಕ್ಕಾವರಿಗೆ ಹೇಳು," ಎಂದರು. ಏನು ಹೇಳಬೇಕೆಂದು ಹೇಳಲಿಲ್ಲ.

ಅದೇ ವಾರ ದೇವದುರ್ಗಕ್ಕೆ ಹೋಗಿ, ಅಲ್ಲಿಂದ ನಮ್ಮ ಹಳ್ಳಿಗೆ ನಡೆದೆ. ಅಕ್ಕ ಕುರಿ ಹಟ್ಟಿಯ ಮುಂದೆ ಕೂತು, ತಾಯಿ ಸತ್ತ ಮರಿಯೊಂದಕ್ಕೆ ಬಟ್ಟೆಯ ಬತ್ತಿಯಿಂದ ಹಾಲು ಕುಡಿಸುತ್ತಿದ್ದಳು. ಕೂದಲು ಅರ್ಧ ಬೆಳ್ಳಗಾಗಿತ್ತು. ಚಹಾ ಆಯಿತು, ಹೆಂಡತಿ ಮಕ್ಕಳ ಸುದ್ದಿ ಆಯಿತು. ಆಮೇಲೆ ಅವಳ ಕಾಲು ಮುಟ್ಟಿ, "ಆ ಜಾಡಿ ವಿಷಯದಾಗ ನಾ ನಿನಗ ದೊಡ್ಡ ಅನ್ಯಾಯ ಮಾಡೀನಿ ಅಕ್ಕಾ," ಎಂದೆ.

"ಏಳೋ," ಎಂದಳು. ಮರಿ ಬತ್ತಿಯನ್ನು ಬಿಡಲಿಲ್ಲ. ಅದರ ಬಾಯಿಂದ ಬಿಡಿಸಿಕೊಂಡು ಮತ್ತೆ ಹಾಲಿಗೆ ಅದ್ದಿದಳು. "ಸುಳ್ಳು ಹೇಳಿದ್ದು ಹೋಗ್ಲಿ. ನೌಕರಿ ಅಂಜಿಕಿ, ಹೇಳಿರತಿ. ನನಗ ಹತ್ತಿದ್ದು ಆ ಕೀಲಿ ನೋಡು. ನಿನ್ನ ಮಲ ಮೂತ್ರ ಬಾಚಿದ ಕೈ ಇವು. ಕೀಲಿ ಹಾಕ್ಕೊಂಡು ಹೋದಿ, ನಾ ಕಳ್ಳಿ ಇದ್ದಂಗ."

ನಾನು ಅಳುತ್ತಿದ್ದೆ. ಆಕೆಯ ಮನಸ್ಸು ಹಗುರ ಮಾಡಬೇಕು, ನನ್ನದನ್ನೂ ಮಾಡಿಕೊಳ್ಳಬೇಕು ಎಂಬ ಅವಸರದಲ್ಲಿ, ಯೋಚಿಸದೆ ಹೇಳಿದೆ. "ಸರ್‌ಗೂ ಎಲ್ಲಾ ಹೇಳೀನಿ ಅಕ್ಕಾ. ನೀ ಏನೂ ಮಾಡಿಲ್ಲ ಅಂತ ಅವರಿಗೆ ಅವತ್ತ ಗೊತ್ತಿತ್ತಂತ. ಗಳ ನೋಡಿದ್ರಂತ."

ಅಕ್ಕನ ಕೈ ನಿಂತಿತು.

"ಅವತ್ತ ಗೊತ್ತಿತ್ತಾ?"

"ಹೂಂ."

"ಗೊತ್ತಿದ್ದೂ ನನ್ನ ಕಡಿಂದ ತಪ್ಪಾತು ಅನ್ನಿಸಿಕೊಂಡ್ರಾ?"

ಅವಳ ಮುಖ ನೋಡಿದಾಗಲೇ ನಾನು ಮಾಡಿದ್ದೇನೆಂದು ತಿಳಿದದ್ದು. ಇಷ್ಟು ವರ್ಷ ಅವಳ ಪಾಲಿಗೆ ಆ ದಿನದಲ್ಲಿ ಒಬ್ಬನಾದರೂ ಒಳ್ಳೆಯ ಮನುಷ್ಯನಿದ್ದ. ಅಷ್ಟು ದೊಡ್ಡ ಓದಿದವರು, ತಮ್ಮ ನಾಲ್ಕು ವರ್ಷದ ಕೆಲಸ ಹಾಳಾಗಿದ್ದರೂ ಸಿಟ್ಟಾಗದೆ, ಕುರಿ ಕಾಯುವ ಹೆಂಗಸನ್ನು ತಾಯಿ ಎಂದು ಕರೆದು ಮಾತಾಡಿಸಿದ್ದರು. ಹಳ್ಳಿಯ ಹೆಂಗಸರ ಮುಂದೆ ಅದನ್ನು ಆಕೆ ಹೇಳಿಕೊಂಡದ್ದನ್ನು ಊರಿನವರೇ ನನಗೆ ಆಮೇಲೆ ಹೇಳಿದರು. ಅದನ್ನೂ ಅವಳಿಂದ ಕಿತ್ತುಕೊಂಡಿದ್ದೆ. ನನ್ನ ಎದೆಯ ಭಾರ ಇಳಿಸಿಕೊಳ್ಳಲು ಬಂದು ಅವಳ ತಲೆಯ ಮೇಲೆ ಇಟ್ಟಿದ್ದೆ.

ಮರಿಯನ್ನು ಹಟ್ಟಿಯೊಳಗೆ ಬಿಟ್ಟು ಬಂದಳು. "ಊಟ ಮಾಡಿ ಹೋಗು. ಕಡೀ ಬಸ್ಸು ಬಿಟ್ರ ಮತ್ತ ಬಸ್ಸಿಲ್ಲ," ಎಂದಳು. ಉಂಡೆ. 

ಆ ಮೇಲೂ ಅಕ್ಕ ನಮ್ಮ ಮನೆಗೆ ಬಂದುಹೋಗಿ ಮಾಡಿದಳು. ನನ್ನ ಮಗಳಿಗೆ ಅವಳೆಂದರೆ ಜೀವ. ಸರ್ ಸುದ್ದಿಯನ್ನು ಮಾತ್ರ ಒಂದು ದಿನವೂ ಎತ್ತಲಿಲ್ಲ. ಎರಡು ವರ್ಷದ ನಂತರ ಸರ್ ತೀರಿಕೊಂಡರು. ಆ ವಾರ ಅಕ್ಕ ರಾಯಚೂರಿಗೆ ಬಂದಿದ್ದಾಗ ತಿಳಿಸಿದೆ. ಅಕ್ಕಿ ಆರಿಸುತ್ತ ಕೂತಿದ್ದವಳು ತಲೆ ಎತ್ತಲಿಲ್ಲ.

"ಮಣ್ಣು ಕೊಡಾಕ ಹೋಗಿದ್ದೇನು?" ಎಂದು ಕೇಳಿದಳು.

"ಹೋಗಿದ್ದೆ," ಎಂದೆ.

"ಛಲೋ ಮಾಡಿದಿ," ಎಂದು ಮೊರದಲ್ಲಿದ್ದ ಅಕ್ಕಿಯನ್ನು ಇನ್ನೊಂದು ಸಲ ಕೇರಿದಳು.